ಆಲ್ಕೊಹಾಲಿನಿಂದ ಆಲ್ಕೈಲ್ ಹ್ಯಾಲೈಡ್: ಫನಲ್‌ನಲ್ಲಿ ಯಾವ ಪದರ ನಮ್ಮದು?

(ದಾವಣಗೆರೆಯಲ್ಲಿ ಬಿಎಸ್ಸಿ ವಿದ್ಯಾರ್ಥಿಗಳು ಮತ್ತು ಪ್ರಯೋಗಾಲಯ ಸಿಬ್ಬಂದಿಯ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಆಲ್ಕೊಹಾಲಿನಿಂದ ಆಲ್ಕೈಲ್ ಹ್ಯಾಲೈಡ್ ಆಗುವ ಕ್ರಿಯೆಯನ್ನು ಬೋರ್ಡಿನ ಮೇಲೆ ಬರೆಯಲು ಒಂದೇ ಸಾಲು ಸಾಕು. ಹೈಡ್ರಾಕ್ಸಿಲ್ ಗುಂಪು ಹೋಗುತ್ತದೆ, ಆ ಜಾಗಕ್ಕೆ ಕ್ಲೋರಿನ್ನೋ ಬ್ರೋಮಿನ್ನೋ ಬಂದು ಕೂರುತ್ತದೆ, ಜೊತೆಗೆ ನೀರು ಹುಟ್ಟುತ್ತದೆ. ಬೆಂಚಿನ ಮುಂದೆ ನಿಂತಾಗ ಲೆಕ್ಕವೇ ಬೇರೆ. ಕ್ರಿಯೆ ಮುಕ್ಕಾಲು ಗಂಟೆಯಲ್ಲಿ ಮುಗಿದಿರುತ್ತದೆ. ಉಳಿದ ಹೊತ್ತೆಲ್ಲ ತೊಳೆಯುವುದು, ಬೇರ್ಪಡಿಸುವುದು, ಒಣಗಿಸುವುದು, ಬಟ್ಟಿ ಇಳಿಸುವುದು. ಇಳುವರಿ ಕೈತಪ್ಪುವುದೂ ಅಲ್ಲೇ. ಹಾಗಾಗಿ ಮೆಕ್ಯಾನಿಸಂ, ಅಂದರೆ ಕ್ರಿಯೆ ಹಂತಹಂತವಾಗಿ ನಡೆಯುವ ಬಗೆಯ ಬಗ್ಗೆ ಬೇಕಾದಷ್ಟೇ ಮಾತಾಡಿ, ಪ್ರತಿ ಹಂತದಲ್ಲೂ ನಿಮ್ಮ ಹ್ಯಾಲೈಡ್ ಎಲ್ಲಿದೆ, ಯಾವುದನ್ನು ಯಾಕೆ ತೊಳೆಯುತ್ತಿದ್ದೀರಿ ಎಂಬುದರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತೇವೆ.

ಆಮ್ಲ ಯಾಕೆ ಬೇಕು? ಬ್ಯುಟನಾಲ್‌ಗೆ ಬರೀ ಸೋಡಿಯಂ ಬ್ರೋಮೈಡ್ ಹಾಕಿ ದಿನವಿಡೀ ಕುದಿಸಿದರೂ ಬ್ರೋಮೈಡ್ ಸಿಗುವುದಿಲ್ಲ. ಹೈಡ್ರಾಕ್ಸಿಲ್ ಗುಂಪು ಹೈಡ್ರಾಕ್ಸೈಡ್ ಆಗಿ ಇಂಗಾಲವನ್ನು ಬಿಟ್ಟು ಹೋಗಲು ಒಪ್ಪುವುದಿಲ್ಲ. ಪ್ರಬಲ ಆಮ್ಲ ಅದಕ್ಕೊಂದು ಪ್ರೋಟಾನ್ ಕೊಟ್ಟರೆ ಅದು ನೀರಾಗಿ ಹೊರಡಬಹುದು, ಆಗ ದಾರಿ ತೆರೆಯುತ್ತದೆ. ಆಮೇಲೆ ಏನಾಗುತ್ತದೆ ಎನ್ನುವುದು ಆಲ್ಕೊಹಾಲಿನ ಮೇಲೆ ನಿಂತಿದೆ. ತೃತೀಯಕ ಆಲ್ಕೊಹಾಲಾದರೆ (ಹೈಡ್ರಾಕ್ಸಿಲ್ ಹೊತ್ತ ಇಂಗಾಲಕ್ಕೆ ಇನ್ನೂ ಮೂರು ಇಂಗಾಲ ಅಂಟಿದ್ದು) ನೀರು ಮೊದಲು ಹೊರಟು ಕಾರ್ಬೋಕ್ಯಾಟಯಾನ್ (ಧನ ಆವೇಶದ ಇಂಗಾಲ) ಉಳಿಯುತ್ತದೆ, ಹ್ಯಾಲೈಡ್ ಆಮೇಲೆ ಬಂದು ಸೇರುತ್ತದೆ; ಇದು ಎಸ್‌ಎನ್-1. ಪ್ರಾಥಮಿಕ ಆಲ್ಕೊಹಾಲಿನಲ್ಲಿ (ಆ ಇಂಗಾಲಕ್ಕೆ ಒಂದೇ ಇಂಗಾಲ ಅಂಟಿದ್ದು) ಅಂಥ ಕ್ಯಾಟಯಾನ್ ನಿಲ್ಲುವುದಿಲ್ಲ, ಹ್ಯಾಲೈಡೇ ಹಿಂದಿನಿಂದ ಬಂದು ನೀರನ್ನು ಹೊರದೂಡಬೇಕು, ಇದು ಎಸ್‌ಎನ್-2. ಅದಕ್ಕೇ ತೃತೀಯಕವಾದ ಟರ್ಷಿಯರಿ ಬ್ಯುಟೈಲ್ ಆಲ್ಕೊಹಾಲ್ ಕೋಣೆಯ ಬಿಸಿಯಲ್ಲೇ ಗಾಢ ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಕೆಲವೇ ನಿಮಿಷದಲ್ಲಿ ಕ್ಲೋರೈಡ್ ಆಗುತ್ತದೆ. ಪ್ರಾಥಮಿಕವಾದ ಎನ್-ಬ್ಯುಟೈಲ್ ಆಲ್ಕೊಹಾಲ್‌ಗೆ (ಮೇಲೆ ಹೇಳಿದ ಬ್ಯುಟನಾಲ್) ಬ್ರೋಮೈಡೂ ಬೇಕು, ಗಾಢ ಸಲ್ಫ್ಯೂರಿಕ್ ಆಮ್ಲವೂ ಬೇಕು, ರಿಫ್ಲಕ್ಸೂ (ಆವಿ ತಣಿದು ಮತ್ತೆ ಫ್ಲಾಸ್ಕಿಗೇ ಇಳಿಯುವಂತೆ ಕುದಿಸುವುದು) ಬೇಕು. ಕ್ಲೋರೈಡ್‌ಗಿಂತ ಬ್ರೋಮೈಡ್, ಬ್ರೋಮೈಡ್‌ಗಿಂತ ಅಯೊಡೈಡ್ ಚುರುಕು ಎಂಬ ಕ್ರಮವೂ ಇಲ್ಲಿ ಕೆಲಸ ಮಾಡುತ್ತದೆ.

ಈ ಎರಡೂ ತಯಾರಿಕೆಗಳನ್ನು ಮಾಡಿದರೆ ವಿಷಯದ ಮುಕ್ಕಾಲು ಪಾಲು ಕೈಗೆ ಬಂದಂತೆ. ಸುಲಭದ್ದನ್ನು ಮೊದಲು ನೋಡೋಣ.

ಟರ್ಷಿಯರಿ ಬ್ಯುಟೈಲ್ ಕ್ಲೋರೈಡ್

ಟರ್ಷಿಯರಿ ಬ್ಯುಟೈಲ್ ಆಲ್ಕೊಹಾಲ್ 25.5 ಡಿಗ್ರಿಯಲ್ಲಿ ಕರಗುತ್ತದೆ. ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯ ಸ್ಟೋರ್ ರೂಮಿನಲ್ಲಿ ಅದು ನೀರಿನಂತೆ ಇರುತ್ತದೆ, ಡಿಸೆಂಬರಿನ ಬೆಳಗ್ಗೆ ಅದೇ ಬಾಟಲಿಯಲ್ಲಿ ಗಟ್ಟಿ ಹರಳು. ಹರಳಾಗಿದ್ದರೆ ಕೆಟ್ಟಿದೆ ಎಂದು ತಿಳಿಯಬೇಡಿ, ಚಮಚದಿಂದ ಕೆರೆಯಲೂ ಹೋಗಬೇಡಿ. ಮುಚ್ಚಳ ಸಡಿಲಿಸಿ, ಬಾಟಲಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಹತ್ತು ನಿಮಿಷ ಇಟ್ಟರೆ ಕರಗುತ್ತದೆ. ಅಳತೆಯನ್ನು ಮಾತ್ರ ತೂಕದಲ್ಲೇ ತೆಗೆದುಕೊಳ್ಳಿ: 10 ಗ್ರಾಂ. ಪಿಪೆಟ್‌ನಲ್ಲಿ ಎಳೆಯಲು ಹೋದರೆ ಚಳಿಗಾಲದಲ್ಲಿ ಮೂತಿಯಲ್ಲೇ ಹೆಪ್ಪುಗಟ್ಟುತ್ತದೆ.

ಆ 10 ಗ್ರಾಂ ಎಂದರೆ 0.135 ಮೋಲ್. ಪದರಗಳನ್ನು ಬೇರ್ಪಡಿಸುವ, ಕೆಳಗೆ ಕೀಲಿಯಿರುವ 100 ಮಿ.ಲೀ. ಸೆಪರೇಟಿಂಗ್ ಫನಲ್‌ಗೆ ಹಾಕಿ, ಫ್ಯೂಮ್ ಹುಡ್ (ಹೊಗೆ, ಅನಿಲಗಳನ್ನು ಹೊರಗೆಳೆಯುವ ಗೂಡು) ಒಳಗೆ, 35 ಮಿ.ಲೀ. ಗಾಢ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ. ಆಮ್ಲ ಮೊದಲೇ ಐಸ್‌ನಲ್ಲಿ ತಣಿದಿದ್ದರೆ ಒಳ್ಳೆಯದು. ನಮ್ಮಲ್ಲಿ ಸಿಗುವ 35 ಶೇಕಡ ಆಮ್ಲದ ಲೆಕ್ಕದಲ್ಲಿ ಇದು ಆಲ್ಕೊಹಾಲಿನ ಮೂರು ಪಟ್ಟಿನಷ್ಟು ಮೋಲ್. ಹೆಚ್ಚಿಗೆ ಹಾಕುವುದು ಬೇಕೆಂದೇ: ಕ್ರಿಯೆ ನಡೆದಂತೆ ನೀರು ಹುಟ್ಟಿ ಆಮ್ಲ ತೆಳುವಾಗುತ್ತದೆ, ತೆಳುವಾದ ಆಮ್ಲಕ್ಕೆ ಕೆಲಸ ಮುಗಿಸುವ ಶಕ್ತಿ ಉಳಿಯುವುದಿಲ್ಲ. ಮುಚ್ಚಳ ತೆಗೆದು ಇಟ್ಟು ಹುಡ್‌ನಲ್ಲಿ ವರ್ಷಗಟ್ಟಲೆ ನಿಂತ ಆಮ್ಲದ ಬಾಟಲಿಯಿಂದ ಇಳುವರಿ ಕಡಿಮೆಯಾಗುವುದಕ್ಕೂ ಇದೇ ಕಾರಣ. ಅದರೊಳಗಿನ ಹೈಡ್ರೋಜನ್ ಕ್ಲೋರೈಡ್ ಅನಿಲ ಎಂದೋ ಹೊರಟುಹೋಗಿರುತ್ತದೆ.

ಮೊದಲ ಒಂದೆರಡು ನಿಮಿಷ ಮುಚ್ಚಳ ಹಾಕದೆ ಮೆಲ್ಲಗೆ ಸುತ್ತಿಸಿ. ಆಮೇಲೆ ಮುಚ್ಚಳ ಹಾಕಿ, ಫನಲ್ ತಲೆಕೆಳಗೆ ಮಾಡಿ, ಕೂಡಲೇ ಕೀಲಿ ತೆರೆದು ಒತ್ತಡ ಬಿಡಿ. ಕಾಂಡ ಮೇಲ್ಮುಖವಾಗಿ, ಯಾರ ಮುಖದ ಕಡೆಗೂ ಅಲ್ಲ, ಹುಡ್‌ನ ಒಳಗೋಡೆಯ ಕಡೆಗಿರಲಿ. ಇಪ್ಪತ್ತು ನಿಮಿಷ, ಬಿಟ್ಟು ಬಿಟ್ಟು ಅಲುಗಿಸುತ್ತಿರಿ. ಮೊದಲಿಗೆ ಇಡೀ ದ್ರವ ಮಬ್ಬಾಗುತ್ತದೆ, ನಂತರ ಮೇಲೆ ಬೇರೆ ಪದರ ಕಟ್ಟುತ್ತದೆ. ಟರ್ಷಿಯರಿ ಬ್ಯುಟೈಲ್ ಕ್ಲೋರೈಡಿನ ಸಾಂದ್ರತೆ 0.85, ಆಮ್ಲದ್ದು 1.18. ಈ ತಯಾರಿಕೆಯಲ್ಲಿ ಆಮ್ಲ, ನೀರು, ಬೈಕಾರ್ಬೋನೇಟ್ ಎಲ್ಲದರ ಜೊತೆಗೂ ಕ್ಲೋರೈಡ್ ಮೇಲೆಯೇ ಇರುತ್ತದೆ.

ಕೆಳಗಿನ ಆಮ್ಲ ಇಳಿಸಿ, 10 ಮಿ.ಲೀ. ನೀರಿನಿಂದ ಒಮ್ಮೆ, 10 ಮಿ.ಲೀ. 5 ಶೇಕಡ ಸೋಡಿಯಂ ಬೈಕಾರ್ಬೋನೇಟ್‌ನಿಂದ ಒಮ್ಮೆ, ಮತ್ತೆ ನೀರಿನಿಂದ ಒಮ್ಮೆ ತೊಳೆಯಿರಿ. ಇಲ್ಲಿ ಎರಡು ಎಚ್ಚರ. ಬೈಕಾರ್ಬೋನೇಟ್ ಬಿದ್ದ ಕೂಡಲೇ ಇಂಗಾಲದ ಡೈಆಕ್ಸೈಡ್ ಭುಸ್ಸೆಂದು ಏಳುತ್ತದೆ. ನೊರೆ ಅಡಗುವವರೆಗೆ ಮುಚ್ಚಳ ಹಾಕುವಂತಿಲ್ಲ, ಹಾಕಿದರೆ ಮುಚ್ಚಳವೂ ಹಾರುತ್ತದೆ, ಕ್ಲೋರೈಡೂ ಹುಡ್‌ನ ನೆಲ ಸೇರುತ್ತದೆ. ಎರಡನೆಯದು, ಬೈಕಾರ್ಬೋನೇಟ್ ಬದಲು ಸೋಡಿಯಂ ಹೈಡ್ರಾಕ್ಸೈಡ್ ಬಳಸಬಾರದು. ಆಮ್ಲ ಬೇಗ ಸಾಯುತ್ತದೆ ನಿಜ, ಆದರೆ ಪ್ರಬಲ ಪ್ರತ್ಯಾಮ್ಲ ತೃತೀಯಕ ಹ್ಯಾಲೈಡಿನಿಂದ ಹೈಡ್ರೋಜನ್ ಕ್ಲೋರೈಡನ್ನು ಕಿತ್ತು ಐಸೊಬ್ಯುಟೀನ್ ಮಾಡಿಬಿಡುತ್ತದೆ. ಅದು ಅನಿಲ, ಇಳುವರಿ ಗಾಳಿಗೆ ಹೋದದ್ದು ನಿಮಗೆ ಗೊತ್ತೂ ಆಗುವುದಿಲ್ಲ. ಬರೀ ನೀರಿನ ಜೊತೆಯಲ್ಲೂ ಈ ಕ್ಲೋರೈಡ್ ನಿಧಾನವಾಗಿ ಮತ್ತೆ ಆಲ್ಕೊಹಾಲ್ ಆಗುತ್ತದೆ, ಆದ್ದರಿಂದ ತೊಳೆಯುವ ಕೆಲಸ ಚುರುಕಾಗಿ ಮುಗಿಯಬೇಕು. ಫನಲ್‌ನಲ್ಲಿ ನೀರು ಹಾಕಿಟ್ಟು ಊಟಕ್ಕೆ ಹೋಗುವ ಪ್ರಯೋಗ ಇದಲ್ಲ.

ಒಣಗಿಸಲು ನೀರಿಲ್ಲದ ಕ್ಯಾಲ್ಸಿಯಂ ಕ್ಲೋರೈಡ್ 2 ಗ್ರಾಂ. ಇದು ನೀರನ್ನಷ್ಟೇ ಅಲ್ಲ, ಉಳಿದ ಆಲ್ಕೊಹಾಲನ್ನೂ ಸ್ವಲ್ಪ ಹಿಡಿದುಕೊಳ್ಳುತ್ತದೆ. ಹ್ಯಾಲೈಡ್ ಒಣಗಿಸಲು ಇದನ್ನೇ ಆರಿಸುವುದು ಅದಕ್ಕೆ. ಮಬ್ಬು ದ್ರವ ಹದಿನೈದು ನಿಮಿಷದಲ್ಲಿ ತಿಳಿಯಾಗಬೇಕು, ಕಾಳುಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಉರುಳಬೇಕು. ಎಲ್ಲವೂ ಅಂಟಿ ತಳಕ್ಕೆ ಹಿಡಿದಿದ್ದರೆ ದ್ರವವನ್ನು ಇನ್ನೊಂದು ಒಣ ಫ್ಲಾಸ್ಕಿಗೆ ಬಸಿದು ಹೊಸದಾಗಿ ಒಂದು ಗ್ರಾಂ ಹಾಕಿ.

ಬಟ್ಟಿ ಇಳಿಸುವಾಗ ಬರ್ನರ್ ಹಚ್ಚಲೇಬಾರದು. ಇದರ ಕುದಿಬಿಂದು 51 ಡಿಗ್ರಿ. ಆವಿ ಗಾಳಿಗಿಂತ ಭಾರ, ಬೆಂಚಿನ ಮೇಲೆ ಹರಿದುಹೋಗಿ ದೂರದ ಜ್ವಾಲೆಯಿಂದಲೂ ಹೊತ್ತಿಕೊಳ್ಳುತ್ತದೆ. 70 ಡಿಗ್ರಿಯ ನೀರಿನ ಬಾತ್ ಸಾಕು. ಬೇಸಿಗೆಯಲ್ಲಿ ನಮ್ಮ ಕೋಣೆಯೇ 36–38 ಡಿಗ್ರಿಗೆ ಏರುತ್ತದೆ, ಓವರ್‌ಹೆಡ್ ಟ್ಯಾಂಕಿನ ನೀರು ಮಧ್ಯಾಹ್ನ ಕೈಗೆ ಬೆಚ್ಚಗಿರುತ್ತದೆ. ಆ ನೀರನ್ನು ನೇರವಾಗಿ ಕಂಡೆನ್ಸರ್‌ಗೆ ಬಿಟ್ಟರೆ ಆವಿಯ ಒಂದು ಪಾಲು ತಣಿಯದೇ ಹೊರಹೋಗುತ್ತದೆ. ಏರ್ ಕೂಲರ್‌ಗೆ ಬಳಸುವ ಪುಟ್ಟ ಪಂಪನ್ನು ಐಸ್ ಹಾಕಿದ ಬಕೆಟ್ಟಿನಲ್ಲಿ ಮುಳುಗಿಸಿ ಅದೇ ನೀರನ್ನು ಸುತ್ತಿಸಿ, ಸಂಗ್ರಹ ಫ್ಲಾಸ್ಕನ್ನೂ ಐಸ್‌ನಲ್ಲಿ ಕೂರಿಸಿ. ನೀರೂ ಉಳಿಯುತ್ತದೆ, ಬೋರ್‌ವೆಲ್‌ನ ಗಡಸು ನೀರು ಕಂಡೆನ್ಸರ್ ಒಳಗೆ ಬಿಳಿ ಪೊರೆ ಕಟ್ಟುವುದೂ ತಪ್ಪುತ್ತದೆ. ಸೈದ್ಧಾಂತಿಕ ಇಳುವರಿ 12.5 ಗ್ರಾಂ. ತರಗತಿಯಲ್ಲಿ 8ರಿಂದ 10 ಗ್ರಾಂ ಬಂದರೆ ಕೆಲಸ ಚೆನ್ನಾಗಿ ಆಗಿದೆ ಎಂದರ್ಥ.

ಎನ್-ಬ್ಯುಟೈಲ್ ಬ್ರೋಮೈಡ್

ಕಲಿಯುವುದು ಹೆಚ್ಚಿರುವುದು ಇದರಲ್ಲಿ. 100 ಮಿ.ಲೀ. ರೌಂಡ್ ಬಾಟಮ್ ಫ್ಲಾಸ್ಕಿಗೆ ಪುಡಿ ಮಾಡಿದ ಸೋಡಿಯಂ ಬ್ರೋಮೈಡ್ 13.5 ಗ್ರಾಂ, ನೀರು 15 ಮಿ.ಲೀ., ಎನ್-ಬ್ಯುಟೈಲ್ ಆಲ್ಕೊಹಾಲ್ 10 ಮಿ.ಲೀ. ಹಾಕಿ. ಆಲ್ಕೊಹಾಲ್ 8.1 ಗ್ರಾಂ, ಅಂದರೆ 0.109 ಮೋಲ್, ಬ್ರೋಮೈಡ್ 0.131 ಮೋಲ್. ಲೆಕ್ಕವನ್ನು ಆಲ್ಕೊಹಾಲಿನ ಮೇಲೆ ಮಾಡಬೇಕು: 15 ಗ್ರಾಂ ಸೈದ್ಧಾಂತಿಕ ಇಳುವರಿ. ಫ್ಲಾಸ್ಕನ್ನು ಐಸ್‌ನಲ್ಲಿಟ್ಟು, ಸುತ್ತಿಸುತ್ತಾ, 12 ಮಿ.ಲೀ. ಗಾಢ ಸಲ್ಫ್ಯೂರಿಕ್ ಆಮ್ಲವನ್ನು ಒಂದೊಂದು ಮಿ.ಲೀ.ನಂತೆ ಹತ್ತು ಹನ್ನೆರಡು ನಿಮಿಷದಲ್ಲಿ ಇಳಿಸಿ. ಆಮ್ಲ ಯಾವಾಗಲೂ ಕೊನೆಗೆ.

ಆ 15 ಮಿ.ಲೀ. ನೀರನ್ನು ಕಡಿಮೆ ಮಾಡಿದರೆ ಕ್ರಿಯೆ ಬೇಗ ಆಗುತ್ತದಲ್ಲ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಸೋಡಿಯಂ ಬ್ರೋಮೈಡ್ ಮತ್ತು ಸಲ್ಫ್ಯೂರಿಕ್ ಆಮ್ಲ ಸೇರಿ ಫ್ಲಾಸ್ಕಿನಲ್ಲೇ ಹೈಡ್ರೋಜನ್ ಬ್ರೋಮೈಡ್ ತಯಾರಾಗುತ್ತದೆ. ನೀರು ಇದ್ದರೆ ಅದು ಕರಗಿ ದ್ರವದಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ನೊರೆಯೆದ್ದು ಅನಿಲವಾಗಿ ಓಡುತ್ತದೆ. ಅದಕ್ಕಿಂತ ದೊಡ್ಡ ಸಂಗತಿ, ಗಾಢವಾದ ಬಿಸಿ ಸಲ್ಫ್ಯೂರಿಕ್ ಆಮ್ಲ ಹೈಡ್ರೋಜನ್ ಬ್ರೋಮೈಡನ್ನು ಉತ್ಕರ್ಷಿಸಿ ಬ್ರೋಮಿನ್ ಮಾಡುತ್ತದೆ, ಜೊತೆಗೆ ಸಲ್ಫರ್ ಡೈಆಕ್ಸೈಡ್ ಬರುತ್ತದೆ. ಫ್ಲಾಸ್ಕ್ ಕಿತ್ತಳೆ ಬಣ್ಣಕ್ಕೆ ತಿರುಗುವುದು ಈ ಬ್ರೋಮಿನ್‌ನಿಂದ. ತಿಳಿ ಹಳದಿ ಬಂದರೆ ಚಿಂತೆಯಿಲ್ಲ. ಕಡು ಕಿತ್ತಳೆಯಾದರೆ ಆಮ್ಲವನ್ನು ಅವಸರದಲ್ಲಿ ಸುರಿದಿದ್ದೀರಿ, ಇಲ್ಲವೇ ತಣಿಸುವುದು ಸಾಲದಾಗಿದೆ. ಇದೇ ಕಾರಣಕ್ಕೆ ಸೋಡಿಯಂ ಅಯೊಡೈಡ್ ಮತ್ತು ಸಲ್ಫ್ಯೂರಿಕ್ ಆಮ್ಲದಿಂದ ಅಯೊಡೈಡ್ ತಯಾರಿಸಲು ಬರುವುದಿಲ್ಲ: ಹೈಡ್ರೋಜನ್ ಅಯೊಡೈಡ್ ಇನ್ನೂ ಸುಲಭವಾಗಿ ಉತ್ಕರ್ಷಣೆಯಾಗಿ ಬರೀ ಅಯೊಡಿನ್ ಉಳಿಯುತ್ತದೆ. ಅಲ್ಲಿ ಫಾಸ್ಫಾರಿಕ್ ಆಮ್ಲವೋ, ಕೆಂಪು ರಂಜಕ ಮತ್ತು ಅಯೊಡಿನ್ನೋ ಬೇಕು.

ದ್ರವ ಸಮವಾಗಿ ಕುದಿಯಲೆಂದು ಹಾಕುವ ಕುದಿ ಚೂರುಗಳನ್ನು ಈಗಲೇ, ತಣ್ಣಗಿರುವಾಗಲೇ ಹಾಕಬೇಕು. ಬಿಸಿ ದ್ರವಕ್ಕೆ ಹಾಕಿದರೆ ಇಡೀ ದ್ರವ ಒಮ್ಮೆಲೇ ಉಕ್ಕಿ ಕಂಡೆನ್ಸರ್ ಬಾಯಿಂದ ಹೊರಬರುತ್ತದೆ. ರಿಫ್ಲಕ್ಸ್ ಕಂಡೆನ್ಸರ್ ಜೋಡಿಸಿ, ಅದರ ತಲೆಗೆ ರಬ್ಬರ್ ಕೊಳವೆ ಸಿಕ್ಕಿಸಿ, ಕೊನೆಯಲ್ಲಿ ಒಂದು ಫನಲ್ಲನ್ನು ಬೋರಲಾಗಿ ಬೀಕರಿನ ನೀರಿನ ಮೇಲೆ ಹಿಡಿದಿಡಿ. ಫನಲ್‌ನ ಅಂಚು ನೀರನ್ನು ಮುಟ್ಟಿಯೂ ಮುಟ್ಟದಂತಿರಬೇಕು. ಪೂರ್ತಿ ಮುಳುಗಿಸಿದರೆ ಬಿಸಿ ಇಳಿದ ಕ್ಷಣ ನೀರು ಹಿಂದಕ್ಕೆ ಎಳೆದುಕೊಂಡು ಕಾದ ಆಮ್ಲದ ಫ್ಲಾಸ್ಕಿಗೆ ನುಗ್ಗುತ್ತದೆ. ಹೀಟಿಂಗ್ ಮ್ಯಾಂಟಲ್‌ನಲ್ಲಿ 45 ನಿಮಿಷದಿಂದ ಒಂದು ಗಂಟೆ ಕುದಿಸಿ. ಆವಿ ಕಂಡೆನ್ಸರ್‌ನ ಕೆಳಗಿನ ಮೂರನೇ ಒಂದು ಭಾಗ ದಾಟಬಾರದು.

ಈಗ ಪದರಗಳ ವಿಷಯಕ್ಕೆ ಬರೋಣ. ಎನ್-ಬ್ಯುಟೈಲ್ ಬ್ರೋಮೈಡಿನ ಸಾಂದ್ರತೆ 1.28. ಕುದಿಯುವ ಫ್ಲಾಸ್ಕಿನಲ್ಲಿ ಅದರ ಜೊತೆಗಿರುವುದು ಉಪ್ಪು ಮತ್ತು ಸಲ್ಫ್ಯೂರಿಕ್ ಆಮ್ಲ ತುಂಬಿದ ಭಾರದ ದ್ರವ, ಹಾಗಾಗಿ ಬ್ರೋಮೈಡ್ ಮೇಲೆ ತೇಲುತ್ತದೆ. ರಿಫ್ಲಕ್ಸ್ ಮುಗಿದು, ಕಂಡೆನ್ಸರ್ ತಿರುಗಿಸಿ ಬಟ್ಟಿ ಇಳಿಸಿದಾಗ ಬ್ರೋಮೈಡ್ ನೀರಿನ ಜೊತೆ ಬರುತ್ತದೆ. ಸಂಗ್ರಹ ಫ್ಲಾಸ್ಕಿನಲ್ಲಿ ನೀರು ಮೇಲೆ, ಬ್ರೋಮೈಡ್ ತಳದಲ್ಲಿ. ಅದನ್ನು 10 ಮಿ.ಲೀ. ನೀರಿನಿಂದ ತೊಳೆದಾಗಲೂ ಕೆಳಗೇ. ಮುಂದೆ ಐಸ್‌ನಷ್ಟು ತಣ್ಣಗಿನ ಗಾಢ ಸಲ್ಫ್ಯೂರಿಕ್ ಆಮ್ಲ 8 ಮಿ.ಲೀ. ಹಾಕಿ ತೊಳೆಯುತ್ತೀರಿ, ಅದರ ಸಾಂದ್ರತೆ 1.84, ಈಗ ಬ್ರೋಮೈಡ್ ಮೇಲೆ. ಆಮ್ಲ ಇಳಿಸಿ, ನೀರು, ಬಳಿಕ ಬೈಕಾರ್ಬೋನೇಟ್ ಹಾಕಿದಾಗ ಮತ್ತೆ ಕೆಳಗೆ. ಇಷ್ಟು ಸಲ ಜಾಗ ಬದಲಾಗುವುದರಿಂದ ಅಭ್ಯಾಸಬಲದಲ್ಲಿ ‘ಕೆಳಗಿನದು ನಮ್ಮದು’ ಎಂದುಕೊಂಡವರು ಆಮ್ಲವನ್ನು ಜೋಪಾನವಾಗಿ ಎತ್ತಿಟ್ಟು ಬ್ರೋಮೈಡನ್ನು ಸಿಂಕಿಗೆ ಸುರಿಯುತ್ತಾರೆ.

ಪರಿಹಾರ ಸರಳ. ಪ್ರತಿ ಪದರಕ್ಕೂ ಬೇರೆ ಬೀಕರ್, ಅದರ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು, ಕೊನೆಯ ಶುದ್ಧ ದ್ರವ ತೂಕವಾಗುವವರೆಗೂ ಏನನ್ನೂ ಚೆಲ್ಲುವಂತಿಲ್ಲ. ನೀರಿನ ತೊಳೆತಗಳಲ್ಲಿ ಅನುಮಾನ ಬಂದರೆ ಪದರದ ಒಂದು ಹನಿಯನ್ನು ಅರ್ಧ ಟೆಸ್ಟ್ ಟ್ಯೂಬ್ ನೀರಿಗೆ ಬಿಡಿ: ಬೆರೆತರೆ ಅದು ನೀರಿನ ಪದರ, ಮಣಿಯಂತೆ ತಳಕ್ಕಿಳಿದರೆ ಬ್ರೋಮೈಡ್. ಸಲ್ಫ್ಯೂರಿಕ್ ಆಮ್ಲದ ಹಂತದಲ್ಲೂ ಒಂದೇ ಹನಿ, ತಣ್ಣೀರಿಗೆ, ಹುಡ್ ಒಳಗೆ.

ಈ ಸಲ್ಫ್ಯೂರಿಕ್ ತೊಳೆತವನ್ನು ಬಿಟ್ಟುಬಿಡುವವರಿದ್ದಾರೆ, ಅಪಾಯ ಎಂದೋ ಸಮಯವಿಲ್ಲ ಎಂದೋ. ನಮ್ಮ ಪ್ರಕಾರ ಬಿಡಬಾರದು. ಕ್ರಿಯೆಯಲ್ಲಿ ಉಳಿದ ಬ್ಯುಟನಾಲ್, ಪಕ್ಕದ ದಾರಿಯಲ್ಲಿ ಹುಟ್ಟಿದ ಡೈಬ್ಯುಟೈಲ್ ಈಥರ್ ಮತ್ತು ಬ್ಯುಟೀನ್ ಇವೆಲ್ಲ ಗಾಢ ಆಮ್ಲದಲ್ಲಿ ಕರಗುತ್ತವೆ, ಬ್ರೋಮೈಡ್ ಕರಗುವುದಿಲ್ಲ. ಈಥರಿನ ಕುದಿಬಿಂದು 142 ಡಿಗ್ರಿ, ಅದನ್ನು ಬಟ್ಟಿಯಲ್ಲೂ ಬಿಡಿಸಬಹುದು. ಬ್ಯುಟನಾಲ್ ಹಾಗಲ್ಲ. ಒಂಟಿಯಾಗಿ ಅದು 118 ಡಿಗ್ರಿಯ ಹತ್ತಿರ ಕುದಿಯುತ್ತದಾದರೂ ಬ್ರೋಮೈಡಿನ ಜೊತೆ ಸೇರಿ ಎರಡರ ಕುದಿಬಿಂದುವಿಗಿಂತಲೂ ಕಡಿಮೆ ಬಿಸಿಯಲ್ಲಿ ಒಟ್ಟಿಗೇ ಹಾರಿಬರುತ್ತದೆ, ಎಷ್ಟು ಸಲ ಬಟ್ಟಿ ಇಳಿಸಿದರೂ ಬಿಡುವುದಿಲ್ಲ. ಗಾಢ ಸಲ್ಫ್ಯೂರಿಕ್ ಕೊಡಲು ಮನಸ್ಸಿಲ್ಲದ ಕಡೆ ಗಾಢ ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆಯುವ ಪದ್ಧತಿ ಇದೆ. ಬ್ಯುಟನಾಲ್ ಮಟ್ಟಿಗೆ ಅದು ಸಾಕು. ಆದರೆ 1.18 ಮತ್ತು 1.28ರ ನಡುವಿನ ಅಂತರ ಚಿಕ್ಕದು, ಪದರ ಬೇರೆಯಾಗಲು ತಾಳ್ಮೆ ಬೇಕು, ಮತ್ತು ಅಲ್ಲಿ ಬ್ರೋಮೈಡ್ ಕೆಳಗಿರುತ್ತದೆ.

ಮೊದಲ ಬಟ್ಟಿ ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಕಣ್ಣೇ ಸಾಕ್ಷಿ. ಕಂಡೆನ್ಸರ್‌ನಿಂದ ಬೀಳುವ ಎರಡು ಮೂರು ಹನಿಯನ್ನು ನೀರಿರುವ ಟ್ಯೂಬಿಗೆ ಹಿಡಿಯಿರಿ, ಎಣ್ಣೆಯಂಥ ಮಣಿ ಕಾಣದಿದ್ದರೆ ಬ್ರೋಮೈಡ್ ಪೂರ್ತಿ ಬಂದಿದೆ. ಫ್ಲಾಸ್ಕಿನಲ್ಲಿ ಉಳಿದದ್ದು ತಣಿದರೆ ಸೋಡಿಯಂ ಹೈಡ್ರೋಜನ್ ಸಲ್ಫೇಟ್ ಗಟ್ಟಿಯಾಗಿ ತಳಕ್ಕೆ ಹಿಡಿಯುತ್ತದೆ. ಬೆಚ್ಚಗಿರುವಾಗಲೇ ಒಂದು ಬಕೆಟ್ ತಣ್ಣೀರಿಗೆ ನಿಧಾನವಾಗಿ ಸುರಿದು, ವಾಷಿಂಗ್ ಸೋಡಾ ಹಾಕಿ ನೊರೆ ನಿಲ್ಲುವವರೆಗೆ ಆಮ್ಲ ತಗ್ಗಿಸಿ ಚೆಲ್ಲಿ. ಹ್ಯಾಲೈಡ್ ಇರುವ ಉಳಿಕೆಗೆ ಮಾತ್ರ ಬೇರೆ ಬಾಟಲಿ ಇರಲಿ. ಅದು ಚರಂಡಿಗೆ ಹೋಗುವ ವಸ್ತುವಲ್ಲ. ಬಟ್ಟಿ ಇಳಿದ ಬ್ರೋಮೈಡಿನಲ್ಲಿ ಹಳದಿ ಉಳಿದಿದ್ದರೆ ಮೊದಲ ನೀರಿನ ತೊಳೆತಕ್ಕೆ ಒಂದು ಚಿಟಿಕೆ ಸೋಡಿಯಂ ಬೈಸಲ್ಫೈಟ್ ಸೇರಿಸಿ, ಬಣ್ಣ ಮಾಯವಾಗುತ್ತದೆ. ತೊಳೆದು ಮುಗಿದ ಬ್ರೋಮೈಡನ್ನೂ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಒಣಗಿಸಿ, ಕೊನೆಗೆ ಇನ್ನೊಮ್ಮೆ ಬಟ್ಟಿ ಇಳಿಸಬೇಕು.

ಥರ್ಮಾಮೀಟರ್ ತೋರಿಸುವ ಅಂಕಿ

ನಮ್ಮ ಊರಿನಲ್ಲಿ ಈ ಪ್ರಯೋಗ ಮಾಡುವವರಿಗೆ ಬಹಳ ಗೊಂದಲ ತರುವ ಸಂಗತಿ ಇದು. ಪುಸ್ತಕದಲ್ಲಿ ಎನ್-ಬ್ಯುಟೈಲ್ ಬ್ರೋಮೈಡಿನ ಕುದಿಬಿಂದು 101.6 ಡಿಗ್ರಿ. ಇಲ್ಲಿ ದ್ರವ 99ರ ಆಸುಪಾಸಿನಲ್ಲೇ ಬಂದು ಮುಗಿಯುತ್ತದೆ. ವಿದ್ಯಾರ್ಥಿ ‘101 ಬರಲಿಲ್ಲ’ ಎಂದು ಒಳ್ಳೆಯ ಭಾಗವನ್ನು ಮೊದಲ ಭಾಗವೆಂದು ಬದಿಗಿಡುತ್ತಾನೆ, ಇಲ್ಲವೇ ರೆಕಾರ್ಡಿನಲ್ಲಿ ಕಾಣದ 101 ಬರೆಯುತ್ತಾನೆ. ಎರಡೂ ಬೇಡ. ಪುಸ್ತಕದ ಅಂಕಿ ಸಮುದ್ರಮಟ್ಟದ 760 ಮಿ.ಮೀ. ಒತ್ತಡಕ್ಕೆ ಸೇರಿದ್ದು. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಒತ್ತಡ 708 ಮಿ.ಮೀ. ಆಸುಪಾಸು. ಚಿತ್ರದುರ್ಗ ಇನ್ನೂ ಎತ್ತರ, ಸುಮಾರು 730 ಮೀಟರ್, ಅಲ್ಲಿ 697ರ ಹತ್ತಿರ. ಇಂಥ ದ್ರವಗಳಲ್ಲಿ ಒತ್ತಡ 10 ಮಿ.ಮೀ. ಇಳಿದರೆ ಕುದಿಬಿಂದು ಅರ್ಧ ಡಿಗ್ರಿಗೆ ಸ್ವಲ್ಪ ಕಡಿಮೆ ಇಳಿಯುತ್ತದೆ. ಆ ಲೆಕ್ಕದಲ್ಲಿ ಬ್ರೋಮೈಡ್ ದಾವಣಗೆರೆಯಲ್ಲಿ 99.3, ಚಿತ್ರದುರ್ಗದಲ್ಲಿ 98.8 ಡಿಗ್ರಿಯಲ್ಲಿ ಕುದಿಯಬೇಕು. ಟರ್ಷಿಯರಿ ಬ್ಯುಟೈಲ್ ಕ್ಲೋರೈಡ್ 51ರ ಬದಲು 49ರ ಹತ್ತಿರ.

ಆದರೆ ಬ್ಯುಟನಾಲ್ ಉಳಿದಿದ್ದರೂ ಕುದಿಬಿಂದು ಕೆಳಗಿಳಿಯುತ್ತದೆ ಎಂದೆವಲ್ಲ. ಇಳಿದದ್ದು ಎತ್ತರದಿಂದಲೋ ಕಲ್ಮಶದಿಂದಲೋ ತಿಳಿಯುವುದು ಹೇಗೆ? ಅದೇ ದಿನ, ಅದೇ ಥರ್ಮಾಮೀಟರ್ ಹಾಕಿ, ಅದೇ ಜೋಡಣೆಯಲ್ಲಿ ಡಿಸ್ಟಿಲ್ಡ್ ವಾಟರ್ ಬಟ್ಟಿ ಇಳಿಸಿ ನೋಡಿ. ದಾವಣಗೆರೆಯಲ್ಲಿ ನೀರು 98ಕ್ಕೆ ಕುದಿಯಬೇಕು. ಥರ್ಮಾಮೀಟರ್ 97 ತೋರಿಸಿದರೆ ಅದೇ ಒಂದು ಡಿಗ್ರಿ ಕಡಿಮೆ ಓದುತ್ತಿದೆ, ಬ್ರೋಮೈಡಿಗೂ ಆ ಒಂದನ್ನು ಸೇರಿಸಿಕೊಳ್ಳಿ. ಇಷ್ಟಾದ ಮೇಲೂ ದ್ರವ 96ಕ್ಕೇ ಬರುತ್ತಿದ್ದರೆ ಬ್ಯುಟನಾಲೋ ನೀರೋ ಉಳಿದಿದೆ. ಬಲ್ಬ್ ಎಲ್ಲಿದೆ ಎಂಬುದನ್ನೂ ನೋಡಿ: ಅದರ ಮೇಲ್ತುದಿ ಪಕ್ಕದ ಕೊಳವೆಯ ಕೆಳ ಅಂಚಿಗೆ ಸಮನಾಗಿರಬೇಕು. ಮೇಲಿದ್ದರೆ ಆವಿ ಬಲ್ಬನ್ನು ಮುಟ್ಟದೆಯೇ ತಿರುಗಿಹೋಗಿ ಕಡಿಮೆ ಅಂಕಿ ತೋರಿಸುತ್ತದೆ.

ಹಾಗಾಗಿ ದಾವಣಗೆರೆಯಲ್ಲಿ 97ರಿಂದ 101ರವರೆಗಿನ ಭಾಗವನ್ನು ಸಂಗ್ರಹಿಸಿ, ಪಕ್ಕದಲ್ಲಿ ನೀರಿನ ಕುದಿಬಿಂದುವನ್ನೂ ಬರೆಯಿರಿ. ಇಳುವರಿ 10ರಿಂದ 12 ಗ್ರಾಂ ಸಿಗಬೇಕು. ಈ ಕೊನೆಯ ಬಟ್ಟಿಗೆ ಬಳಸುವ ಗಾಜೆಲ್ಲ ಓವನ್‌ನಲ್ಲಿ ಒಣಗಿರಲಿ. ಒಂದು ಹನಿ ನೀರಿದ್ದರೂ ಬ್ರೋಮೈಡ್ ಮಬ್ಬಾಗಿ ಇಳಿಯುತ್ತದೆ, ಅಷ್ಟು ಹೊತ್ತು ಕ್ಯಾಲ್ಸಿಯಂ ಕ್ಲೋರೈಡ್ ಮೇಲೆ ಇಟ್ಟದ್ದು ವ್ಯರ್ಥ.

ಸಿಕ್ಕಿದ್ದು ಅದೇನಾ?

ಎರಡು ಪರೀಕ್ಷೆ ಸಾಕು. ಎಥನಾಲಿನಲ್ಲಿ ಕರಗಿಸಿದ 2 ಶೇಕಡ ಸಿಲ್ವರ್ ನೈಟ್ರೇಟ್ 1 ಮಿ.ಲೀ.ಗೆ ಎರಡು ಹನಿ ಹಾಕಿದರೆ ಟರ್ಷಿಯರಿ ಬ್ಯುಟೈಲ್ ಕ್ಲೋರೈಡ್ ಕೂಡಲೇ ಬಿಳಿ ಒತ್ತರ (ಕರಗದೆ ಬೇರ್ಪಡುವ ಘನ) ಕೊಡುತ್ತದೆ. ಎನ್-ಬ್ಯುಟೈಲ್ ಬ್ರೋಮೈಡ್ ತಡವಾಗಿ, ಬಿಸಿ ಮಾಡಿದ ಮೇಲೆ, ಕೆನೆಬಣ್ಣದ ಒತ್ತರ ಕೊಡುತ್ತದೆ. ಅಸಿಟೋನಿನಲ್ಲಿ ಕರಗಿಸಿದ ಸೋಡಿಯಂ ಅಯೊಡೈಡಿನ ಜೊತೆ ಸರದಿ ತಿರುಗುತ್ತದೆ: ಬ್ರೋಮೈಡ್ ಮೂರು ನಿಮಿಷದೊಳಗೆ ಸೋಡಿಯಂ ಬ್ರೋಮೈಡಿನ ಬಿಳಿ ಒತ್ತರ ಬಿಡುತ್ತದೆ, ತೃತೀಯಕ ಕ್ಲೋರೈಡ್ ಸುಮ್ಮನಿರುತ್ತದೆ. ಮೊದಲನೆಯದು ಎಸ್‌ಎನ್-1, ಎರಡನೆಯದು ಎಸ್‌ಎನ್-2. ಬೋರ್ಡಿನ ಮೇಲೆ ಕಂಡದ್ದನ್ನು ಟೆಸ್ಟ್ ಟ್ಯೂಬಿನಲ್ಲಿ ಪಕ್ಕಪಕ್ಕ ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ಸಿಲ್ವರ್ ನೈಟ್ರೇಟ್ ಪರೀಕ್ಷೆಗೆ ಟ್ಯೂಬನ್ನು ನಲ್ಲಿ ನೀರಲ್ಲಿ ತೊಳೆದು ಹಾಗೇ ಬಳಸಬೇಡಿ. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಕ್ಲೋರೈಡ್ ಇರುತ್ತದೆ, ಖಾಲಿ ಟ್ಯೂಬೇ ಬಿಳಿ ಮಬ್ಬು ತೋರಿಸುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ, ಎಥನಾಲಿನಲ್ಲಿ ಒಂದು ಸಲ ಜಾಲಿಸಿ. ಜೊತೆಗೆ ಹ್ಯಾಲೈಡ್ ಹಾಕದ ಒಂದು ಟ್ಯೂಬನ್ನೂ ಹೋಲಿಕೆಗೆ ಇಟ್ಟುಕೊಳ್ಳಿ.

ತಯಾರಿಕೆಗೆ ಮೊದಲು ಆಲ್ಕೊಹಾಲ್ ಯಾವ ವರ್ಗದ್ದು ಎಂದು ತಿಳಿಯಲು ಲೂಕಾಸ್ ಪರೀಕ್ಷೆ ಇದೆ, 1930ರಷ್ಟು ಹಳೆಯದು. ನೀರಿಲ್ಲದ ಜಿಂಕ್ ಕ್ಲೋರೈಡನ್ನು ಗಾಢ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದ ದ್ರಾವಣಕ್ಕೆ ಆಲ್ಕೊಹಾಲ್ ಹಾಕಿದಾಗ ತೃತೀಯಕವಾದರೆ ತಕ್ಷಣ ಮಬ್ಬು, ದ್ವಿತೀಯಕವಾದರೆ ಐದು ಹತ್ತು ನಿಮಿಷದಲ್ಲಿ, ಪ್ರಾಥಮಿಕವಾದರೆ ಕೋಣೆಯ ಬಿಸಿಯಲ್ಲಿ ಮಬ್ಬಿಲ್ಲ. ಆ ಮಬ್ಬೇ ಆಲ್ಕೈಲ್ ಕ್ಲೋರೈಡ್. ಆರು ಇಂಗಾಲದವರೆಗಿನ ಆಲ್ಕೊಹಾಲಿಗೆ ಮಾತ್ರ ಇದನ್ನು ನಂಬಬಹುದು. ಅದಕ್ಕಿಂತ ದೊಡ್ಡವು ದ್ರಾವಣದಲ್ಲಿ ಕರಗದೆ ಮೊದಲಿನಿಂದಲೇ ಮಬ್ಬಾಗಿರುತ್ತವೆ.

ಪ್ರಾಥಮಿಕ ಆಲ್ಕೊಹಾಲಿನಿಂದ ಕ್ಲೋರೈಡ್ ಬೇಕಾದರೆ ಥಯೊನಿಲ್ ಕ್ಲೋರೈಡ್ ಉತ್ತಮ ದಾರಿ, ಏಕೆಂದರೆ ಜೊತೆಗೆ ಹುಟ್ಟುವ ಸಲ್ಫರ್ ಡೈಆಕ್ಸೈಡ್, ಹೈಡ್ರೋಜನ್ ಕ್ಲೋರೈಡ್ ಎರಡೂ ಅನಿಲಗಳು. ಕ್ಲೋರೈಡನ್ನು ಬೇರ್ಪಡಿಸುವ ಶ್ರಮ ಅಷ್ಟರಮಟ್ಟಿಗೆ ಕಡಿಮೆ. ಆದರೆ ಅದು ನೀರು ಸೋಕಿದರೆ ಸಿಡಿಯುವ, ಉಸಿರುಗಟ್ಟಿಸುವ ವಸ್ತು. ಚೆನ್ನಾಗಿ ಎಳೆಯುವ ಫ್ಯೂಮ್ ಹುಡ್ ಇಲ್ಲದ ಪದವಿ ಪ್ರಯೋಗಾಲಯದಲ್ಲಿ ಅದನ್ನು ತೆರೆಯಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ತಯಾರಾದ ಬ್ರೋಮೈಡನ್ನು ಕಂದು ಬಾಟಲಿಯಲ್ಲಿ, ಬಿಸಿಲಿನಿಂದ ದೂರ ಇಡಿ. ಟರ್ಷಿಯರಿ ಬ್ಯುಟೈಲ್ ಕ್ಲೋರೈಡನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ನಾಲ್ಕು ಕಾಳು ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ತಂಪಿನಲ್ಲಿಡಿ, ಮತ್ತು ಆ ಸೆಮಿಸ್ಟರಿನಲ್ಲೇ ಬಳಸಿ. ತೇವ ತಗುಲಿದರೆ ಅದು ಹೈಡ್ರೋಜನ್ ಕ್ಲೋರೈಡ್ ಬಿಡುತ್ತಾ ಹೋಗುತ್ತದೆ. ಬೇಸಿಗೆಯಲ್ಲಿ ಮುಚ್ಚಳ ತೆರೆಯುವ ಮುಂಚೆ ಬಾಟಲಿಯನ್ನು ಹತ್ತು ನಿಮಿಷ ಐಸ್‌ನಲ್ಲಿ ತಣಿಸಿಕೊಳ್ಳಿ.